ನಿರ್ವಾತದ ಕಸುಬು: ಬೆಂಗಳೂರಿನ ಹೊರವಲಯ ಮತ್ತು ನೈಟ್ರೈಡ್ ತೆಳುಪದರಗಳ ಚರಿತ್ರೆ

ಜಾನಪದ ಅಧ್ಯಯನದಲ್ಲಿ ‘ಕಸುಬು’ ಎಂಬ ಶಬ್ದವನ್ನು ಬಳಸಿದಾಗ ನಮ್ಮ ಕಣ್ಣ ಮುಂದೆ ಬರುವುದು ಕುಂಬಾರನ ತಿಗರಿ, ಕಮ್ಮಾರನ ಕುಲುಮೆ, ನೇಕಾರನ ಮಗ್ಗ. ಈ ವೃತ್ತಿಗಳ ಪದಗಳನ್ನು ಸಂಗ್ರಹಿಸುವ ಕೆಲಸ ಕನ್ನಡದಲ್ಲಿ ಸಾಕಷ್ಟು ನಡೆದಿದೆ. ಆದರೆ ಬೆಂಗಳೂರಿನ ಜಾಲಹಳ್ಳಿ, ಪೀಣ್ಯಗಳ ಸುತ್ತ ಅರವತ್ತು ವರ್ಷಗಳಷ್ಟು ಹಿಂದೆಯೇ ಬೇರುಬಿಟ್ಟ ಒಂದು ಕಸುಬು ಮಾತ್ರ ನಮ್ಮ ಪಟ್ಟಿಗೆ ಈವರೆಗೆ ಸೇರಿಲ್ಲ. ಉಕ್ಕಿನ ಒಂದು ಕೋಶದಿಂದ ಗಾಳಿಯನ್ನು ಹೊರಗೆ ಎಳೆದು, ಆ ಬರಿದಿನಲ್ಲಿ ಒಂದು ವಸ್ತುವಿನ ಮೇಲೆ ಇನ್ನೊಂದು ವಸ್ತುವಿನ ಅತಿ ತೆಳುವಾದ ಪದರವನ್ನು ಕೂರಿಸುವ ಕಸುಬು ಅದು. ಈ ಕಸುಬಿನ ಇಂದಿನ ಅತ್ಯಂತ ಕಠಿಣ ರೂಪವೆಂದರೆ ನೈಟ್ರೈಡ್ ಅರೆವಾಹಕಗಳ ಹರಳುಪದರಗಳನ್ನು ಬೆಳೆಸುವುದು. ಅದರ ಚರಿತ್ರೆಯನ್ನು ವಿಜ್ಞಾನಿಗಳು ತಮ್ಮ ಪ್ರಬಂಧಗಳಲ್ಲಿ ಬರೆದುಕೊಂಡಿದ್ದಾರೆ. ಅದರ ಇನ್ನೊಂದು ಅರ್ಧ ಬರಹಕ್ಕೆ ಬಂದಿಲ್ಲ, ಅದು ಬಾಯಿಮಾತಿನಲ್ಲಿದೆ. ಪ್ರಸ್ತುತ ಲೇಖನದಲ್ಲಿ ಈ ಎರಡೂ ಅರ್ಧಗಳನ್ನು ಒಂದೆಡೆ ಇಟ್ಟು ನೋಡುವ ಪ್ರಯತ್ನವಿದೆ.

ತೆಳುಪದರ ಎಂದರೇನು ಎಂಬುದನ್ನು ಹೇಳಲು ನನಗೆ ಸುಲಭವಾಗಿ ಒದಗುವ ದೃಷ್ಟಾಂತ ಕಲಾಯಿಯದು. ಸ್ಟೀಲ್ ಪಾತ್ರೆಗಳು ಮನೆ ತುಂಬುವ ಮುನ್ನ ನಮ್ಮ ಬೀದಿಗಳಿಗೆ ಕಲಾಯಿಯವರು ಬರುತ್ತಿದ್ದರು. ನೆಲದಲ್ಲಿ ಕುಳಿ ತೋಡಿ, ಇದ್ದಿಲು ಹಾಕಿ, ತಿದಿ ಒತ್ತಿ, ತಾಮ್ರದ ಇಲ್ಲವೇ ಹಿತ್ತಾಳೆಯ ಪಾತ್ರೆಯನ್ನು ಕಾಯಿಸುತ್ತಿದ್ದರು. ಕಾದ ಪಾತ್ರೆಯೊಳಗೆ ನವಸಾಗರದ ಪುಡಿ ಎರಚಿದೊಡನೆ ಬಿಳಿಯ ದಟ್ಟ ಹೊಗೆ ಏಳುತ್ತಿತ್ತು. ಮಕ್ಕಳು ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದರು. ಆಮೇಲೆ ತವರವನ್ನು ತಾಗಿಸಿ ಹತ್ತಿಯಿಂದ ಒಂದೇ ಸುತ್ತು ತಿಕ್ಕಿದರೆ ಪಾತ್ರೆ ಬೆಳ್ಳಗಾಗುತ್ತಿತ್ತು. ಇಲ್ಲಿ ನಿಜವಾದ ಕೌಶಲ ತವರ ಹಚ್ಚುವುದರಲ್ಲಿಲ್ಲ, ಅದಕ್ಕೆ ಮುಂಚಿನ ಹೊಗೆಯಲ್ಲಿದೆ. ನವಸಾಗರವೆಂದರೆ ಅಮೋನಿಯಂ ಕ್ಲೋರೈಡ್. ಅದು ಬಿಸಿಗೆ ಒಡೆದು ಲೋಹದ ಮೇಲಿನ ಆಮ್ಲಜನಕದ ಕಿಲುಬನ್ನು ತಿಂದುಹಾಕುತ್ತದೆ. ಆ ಕ್ಷಣದ ನಗ್ನ ಲೋಹಕ್ಕೆ ಮಾತ್ರ ತವರ ಅಂಟುತ್ತದೆ. ಕೊಂಚ ತಡವಾದರೆ ಗಾಳಿ ಮತ್ತೆ ಮುತ್ತಿ ಪದರ ಸಿಪ್ಪೆ ಏಳುತ್ತದೆ.

ಹಿತ್ತಾಳೆಯಲ್ಲಿ ಸತು ಇದೆ, ಕಲಾಯಿಯಲ್ಲಿ ತವರ, ನವಸಾಗರದಲ್ಲಿ ಸಾರಜನಕ. ಈ ಮೂರನ್ನೇ ಬೇರೊಂದು ಬಗೆಯಲ್ಲಿ ಕೂಡಿಸಿದ ಸತು–ತವರ ನೈಟ್ರೈಡ್ ಎಂಬ ಅರೆವಾಹಕದ ಬೆನ್ನು ಹತ್ತಿ ಜಗತ್ತಿನ ಹಲವು ಪ್ರಯೋಗಾಲಯಗಳು 2010ರ ದಶಕದಿಂದ ಕೆಲಸ ಮಾಡುತ್ತಿವೆ. ಇದನ್ನು ಓದಿದ ಕೂಡಲೇ ‘ನಮ್ಮ ಪೂರ್ವಿಕರಿಗೆ ಇದೆಲ್ಲ ಗೊತ್ತಿತ್ತು’ ಎಂಬ ಮಾತು ಕೆಲವರ ನಾಲಗೆಯ ತುದಿಗೆ ಬರಬಹುದು. ಅದು ತಪ್ಪು. ಕಲಾಯಿಯವನ ಕುಳಿಯಲ್ಲಿ ಯಾವ ನೈಟ್ರೈಡೂ ಹುಟ್ಟುತ್ತಿರಲಿಲ್ಲ. ಅಲ್ಲಿ ಸಾರಜನಕ ಹೊಗೆಯಾಗಿ ಹೋಗುತ್ತಿತ್ತು. ಹೋಲಿಕೆ ಇರುವುದು ವಸ್ತುವಿನಲ್ಲಲ್ಲ, ಕಷ್ಟದಲ್ಲಿ. ಇಬ್ಬರ ಶತ್ರುವೂ ಗಾಳಿಯಲ್ಲಿರುವ ಆಮ್ಲಜನಕವೇ.

ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದೆ. ಆದರೂ ಅದನ್ನು ಲೋಹದೊಡನೆ ಕೂಡಿಸುವುದು ಬಲು ತ್ರಾಸದ ಕೆಲಸ. ಅದರ ಎರಡು ಪರಮಾಣುಗಳು ಮೂರು ಬಂಧಗಳಿಂದ ಒಂದನ್ನೊಂದು ಬಿಗಿದುಕೊಂಡಿವೆ. ಆ ಜೋಡಿಯನ್ನು ಬಿಡಿಸಲು ಬೇಕಾಗುವ ಶಕ್ತಿ ಮೋಲ್ ಒಂದಕ್ಕೆ ಸುಮಾರು 945 ಕಿಲೋಜೂಲ್. ಆದ್ದರಿಂದ ನೈಟ್ರೈಡ್ ಬೆಳೆಸುವವರು ಎರಡು ದಾರಿಗಳನ್ನು ಹಿಡಿದಿದ್ದಾರೆ. ಅಮೋನಿಯಾವನ್ನು ಬಿಸಿಯಲ್ಲಿ ಒಡೆದು ಸಾರಜನಕ ಪಡೆಯುವುದು ಒಂದು. ಸಾರಜನಕವನ್ನು ವಿದ್ಯುತ್ತಿನಿಂದ ಪ್ಲಾಸ್ಮಾ ಮಾಡಿ ಬಿಡಿ ಪರಮಾಣುಗಳನ್ನಾಗಿಸುವುದು ಇನ್ನೊಂದು. ಹೀಗೆ ಬಂದ ಸಾರಜನಕ ಮತ್ತು ಲೋಹದ ಆವಿ ಬಿಸಿಯಾದ ತಳಹರಳಿನ ಮೇಲೆ ಇಳಿದು, ಕೆಳಗಿನ ಪರಮಾಣುಗಳ ಸಾಲನ್ನೇ ಅನುಸರಿಸಿ ಸಾಲುಗಟ್ಟಬೇಕು. ತಳದ ಸಾಲಿಗೂ ಮೇಲಿನ ಸಾಲಿಗೂ ಅಳತೆ ಕೂಡದಿದ್ದರೆ ಪದರದಲ್ಲಿ ಬಿರುಕು, ಮಡಿಕೆ, ಹುಳುಕು.

ಗ್ಯಾಲಿಯಂ ನೈಟ್ರೈಡಿನ ಚರಿತ್ರೆ ಈ ಅಳತೆಯ ಜಗಳದ ಚರಿತ್ರೆಯೇ. ಜಪಾನಿನ ನಗೋಯ ವಿಶ್ವವಿದ್ಯಾಲಯದಲ್ಲಿ ಇಸಾಮು ಅಕಸಾಕಿಯವರ ವಿದ್ಯಾರ್ಥಿಯಾಗಿದ್ದ ಹಿರೋಷಿ ಅಮಾನೊ 1985ರಲ್ಲಿ ಒಂದು ದಿನ ಕುಲುಮೆಯನ್ನು ಹೊತ್ತಿಸಿದಾಗ ಅದು ಎಂದಿನಂತೆ 1000 ಡಿಗ್ರಿ ದಾಟಿ ಏರಲಿಲ್ಲ. ಕಡಿಮೆ ಶಾಖದಲ್ಲಿಯೇ ನೀಲಮಣಿಯ ತಳದ ಮೇಲೆ ಅಲ್ಯುಮಿನಿಯಂ ನೈಟ್ರೈಡಿನ ಒಂದು ಒರಟು ಪದರವನ್ನು ಹಾಕಿ ನೋಡಿದರು. ಬಳಿಕ ಅದರ ಮೇಲೆ ಬೆಳೆಸಿದ ಗ್ಯಾಲಿಯಂ ನೈಟ್ರೈಡ್ ಎಷ್ಟು ತಿಳಿಯಾಗಿ ಬಂದಿತೆಂದರೆ, ಅನಿಲ ಹರಿಸುವುದನ್ನೇ ಮರೆತೆನೋ ಎಂದು ಅವರು ಸಂಶಯಪಟ್ಟರಂತೆ. ನಮ್ಮ ಹಳ್ಳಿಗಳಲ್ಲಿ ಗೋಡೆಗೆ ಮೊದಲು ಹುಲ್ಲು ಬೆರೆಸಿದ ಒರಟು ಮಣ್ಣು ಮೆತ್ತಿ, ಆಮೇಲೆ ನಯವಾದ ಸಾರಣೆ ಮಾಡುವುದನ್ನು ಬಲ್ಲವರಿಗೆ ಈ ಯುಕ್ತಿ ಅಪರಿಚಿತವಾಗಿ ತೋರದು. ಶುಜಿ ನಾಕಾಮುರ 1993ರಲ್ಲಿ ಪ್ರಖರವಾದ ನೀಲಿ ದೀಪವನ್ನು ಹೊರತಂದರು. ಮೂವರಿಗೂ 2014ರ ಭೌತವಿಜ್ಞಾನದ ನೊಬೆಲ್ ಸಂದಿತು. ಇಂದು ನಮ್ಮ ಹಳ್ಳಿಹಳ್ಳಿಯ ಬೀದಿದೀಪಗಳಲ್ಲಿಯೂ ಉರಿಯುತ್ತಿರುವುದು ಈ ಪದರವೇ.

ಹಾಗಿದ್ದ ಮೇಲೆ ಸತು, ತವರಗಳ ಕಡೆಗೆ ತಿರುಗುವ ಅಗತ್ಯವೇನು? ಉತ್ತರ ಗಣಿಯಲ್ಲಿದೆ. ಗ್ಯಾಲಿಯಂ ಭೂಮಿಯ ಹೊರಪದರದಲ್ಲಿ ಅಷ್ಟೇನೂ ವಿರಳವಲ್ಲ. ತವರಕ್ಕಿಂತ ಹೆಚ್ಚಾಗಿಯೇ ಇದೆ. ಆದರೆ ಅದಕ್ಕೆ ತನ್ನದೆಂಬ ಅದಿರಿಲ್ಲ. ಮುಖ್ಯವಾಗಿ ಅಲ್ಯುಮಿನಿಯಂ ತೆಗೆಯುವಾಗ ಉಪವಸ್ತುವಾಗಿ ದೊರೆಯುವ ಅದು ಜಗತ್ತಿನಲ್ಲಿ ವರ್ಷಕ್ಕೆ ಕೆಲವು ನೂರು ಟನ್ನುಗಳಷ್ಟು ಮಾತ್ರ ಉತ್ಪಾದನೆಯಾಗುತ್ತದೆ, ಅದರಲ್ಲೂ ಬಹುಪಾಲು ಚೀನಾದಲ್ಲಿ. ಆ ದೇಶ 2023ರ ಆಗಸ್ಟಿನಲ್ಲಿ ಗ್ಯಾಲಿಯಂ ಮತ್ತು ಜರ್ಮೇನಿಯಂಗಳ ರಫ್ತಿಗೆ ಪರವಾನಗಿಯ ಕಟ್ಟುಪಾಡು ಹಾಕಿದಾಗ ಇದರ ಬಿಸಿ ಎಲ್ಲರಿಗೂ ತಟ್ಟಿತು. ತವರದ ವಾರ್ಷಿಕ ಉತ್ಪಾದನೆ ಸುಮಾರು ಮೂರು ಲಕ್ಷ ಟನ್. ಸತುವಿನದು ಒಂದು ಕೋಟಿ ಟನ್ನಿಗೂ ಮೀರಿದ್ದು. ‘ಭೂಸಮೃದ್ಧ’ ಎಂಬ ವಿಶೇಷಣವನ್ನು ನೆಲದೊಳಗಿನ ಪ್ರಮಾಣವೆಂದು ತಿಳಿಯದೆ, ಕೈಗೆ ಬರುವ ಪ್ರಮಾಣವೆಂದು ತಿಳಿಯುವುದು ಸರಿ. ಸತು, ಮೆಗ್ನೀಸಿಯಂಗಳಂತಹ ಸಾಮಾನ್ಯ ಲೋಹಗಳಿಂದ ಇನ್ನೂ ಯಾರೂ ಮಾಡಿರದ ನೈಟ್ರೈಡುಗಳು ಸಾಧ್ಯವೆಂದು ಗಣನೆಯಿಂದ ಊಹಿಸಿ, ಅವುಗಳಲ್ಲಿ ಏಳನ್ನು ಬೆಳೆಸಿಯೂ ತೋರಿಸಿದ ಒಂದು ‘ನಕಾಶೆ’ 2019ರಲ್ಲಿ ಅಮೆರಿಕದಿಂದ ಪ್ರಕಟವಾಯಿತು.

ಈ ಹಿನ್ನೆಲೆಯಲ್ಲಿ ಬೆಂಗಳೂರಿನ ಹೊರವಲಯದ ಕಥೆಗೆ ಬರಬಹುದು. ಅದು ಆರಂಭವಾಗುವುದು ಜಾಲಹಳ್ಳಿಯಿಂದ. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನು, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನು, 1967ರಲ್ಲಿ ಸಿಲಿಕಾನ್ ಸಾಧನಗಳನ್ನು ತಯಾರಿಸತೊಡಗಿತು. ವಾಲ್ವು ಎಂದರೆ ಗಾಜಿನ ಬುರುಡೆಯೊಳಗಿನ ನಿರ್ವಾತ. ಹೀಗಾಗಿ ಅರೆವಾಹಕಕ್ಕಿಂತ ಒಂದು ವರ್ಷ ಮೊದಲೇ ಅಲ್ಲಿನ ಕೈಗಳು ಬರಿದು ಮಾಡುವುದನ್ನು ಕಲಿತಿದ್ದವು. ಈ ಕ್ರಮಕ್ಕೆ ಚರಿತ್ರೆಯಲ್ಲಿ ಮಹತ್ವವಿದೆ ಎಂದು ನನ್ನ ಭಾವನೆ. ಸುತ್ತಮುತ್ತಲ ಹಳ್ಳಿಗಳಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ರೈತ ಕುಟುಂಬಗಳ ಯುವಕರೂ ಐ.ಟಿ.ಐ. ಮುಗಿಸಿದ ಹುಡುಗರೂ ಪಂಪು, ಗೇಜು, ಬೆಸುಗೆಗಳ ಭಾಷೆಯನ್ನು ಕಲಿತದ್ದು ಇಂತಹ ಕಾರ್ಖಾನೆಗಳಲ್ಲಿ. ಅವರಲ್ಲಿ ಕೆಲವರು ಮುಂದೆ ತಮ್ಮದೇ ಶೆಡ್ಡು ಹಾಕಿದರು.

ಶೆಡ್ಡುಗಳಿಗೆ ಜಾಗ ದೊರೆತದ್ದು ತುಮಕೂರು ರಸ್ತೆಯ ಪೀಣ್ಯದಲ್ಲಿ. 1970ರ ದಶಕದಲ್ಲಿ ರೂಪುಗೊಂಡು ಕ್ರಮೇಣ ಏಷ್ಯಾದ ದೊಡ್ಡ ಸಣ್ಣಕೈಗಾರಿಕಾ ಪ್ರದೇಶಗಳಲ್ಲಿ ಒಂದಾಗಿ ಬೆಳೆದ ಪೀಣ್ಯದಲ್ಲಿ ಲೇತು, ಮಿಲ್ಲಿಂಗ್, ಶಾಖಸಂಸ್ಕಾರ, ಲೇಪನ ಎಲ್ಲವೂ ಒಂದೇ ಅಡ್ಡರಸ್ತೆಯಲ್ಲಿ ಸಿಗುತ್ತವೆ. ಎಸ್.ವಿ. ನರಸಯ್ಯನವರು 1965ರಲ್ಲಿ ಆರಂಭಿಸಿದ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ ನೆಲೆಸಿರುವುದು ಇಲ್ಲಿಯೇ. ತೆಳುಪದರ ಕೂರಿಸುವ ಯಂತ್ರಗಳನ್ನು ದೇಶದಲ್ಲಿಯೇ ತಯಾರಿಸಿದ ಮೊದಲಿಗರಲ್ಲಿ ಈ ಸಂಸ್ಥೆ ಒಂದು. ಉತ್ತರಾಖಂಡದ ದೇವಸ್ಥಳದಲ್ಲಿ 2016ರಲ್ಲಿ ಉದ್ಘಾಟನೆಯಾದ 3.6 ಮೀಟರ್ ದೂರದರ್ಶಕದ ದೊಡ್ಡ ಕನ್ನಡಿಗೆ ಅಲ್ಯುಮಿನಿಯಂ ಲೇಪಿಸುವ ಯಂತ್ರವೂ ಇವರದೇ. ಪೀಣ್ಯದ ಲೇಪನ ಬಲ್ಲವರಿಗೆ ನೈಟ್ರೈಡ್ ಹೊಸ ಹೆಸರೇನಲ್ಲ. ಕೊರೆಯುವ ಬಿಟ್ಟು, ಕತ್ತರಿಸುವ ಉಳಿಗಳ ಮೇಲೆ ಹೊಂಬಣ್ಣದ ಟೈಟೇನಿಯಂ ನೈಟ್ರೈಡ್ ಲೇಪವನ್ನು ಅವರು ದಿನನಿತ್ಯ ನೋಡುತ್ತಾರೆ. ಅದು ಅರೆವಾಹಕವಲ್ಲ, ಲೋಹದಂತೆ ವಿದ್ಯುತ್ ಹರಿಸುವ ಗಟ್ಟಿ ಕವಚ. ಆದರೂ ಕೋಶದೊಳಗೆ ಸಾರಜನಕ ಬಿಟ್ಟು ಲೋಹದ ಆವಿಯೊಡನೆ ಕೂಡಿಸುವ ಕ್ರಮ ಅದೇ.

ಎಲೆಕ್ಟ್ರಾನಿಕ್ ಸಿಟಿಯದು ಇನ್ನೊಂದು ಬಗೆ. ಆರ್.ಕೆ. ಬಾಳಿಗರ ಮುಂದಾಳುತನದಲ್ಲಿ ಕಿಯೋನಿಕ್ಸ್ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಈ ನಗರಿಗೆ ಅಡಿಪಾಯ ಹಾಕಿತು. ಇಂದು ಅದನ್ನು ತಂತ್ರಾಂಶದ ಊರೆಂದೇ ಎಲ್ಲರೂ ಬಲ್ಲರು. 1989ರಲ್ಲಿ ಸ್ಥಾಪಿತವಾದ ಟಾಟಾ ಬಿ.ಪಿ. ಸೋಲಾರ್ ಸಂಸ್ಥೆಯ ಸೌರಕೋಶದ ಕಾರ್ಖಾನೆ ಅಲ್ಲಿಯೇ ತಲೆಯೆತ್ತಿತೆಂಬುದನ್ನು ನೆನೆಯುವವರು ಕಡಿಮೆ. ಸೌರಫಲಕದ ನೀಲಿ ಬಣ್ಣ ಸಿಲಿಕಾನಿನದೆಂದು ನಾನು ಬಹುಕಾಲ ತಿಳಿದಿದ್ದೆ. ಬರಿಯ ಸಿಲಿಕಾನಿನ ಬಣ್ಣ ಬೂದು. ನೀಲಿ ಕಾಣುವುದು ಅದರ ಮೇಲೆ ಸಿಲೇನ್ ಮತ್ತು ಅಮೋನಿಯಾ ಅನಿಲಗಳ ಪ್ಲಾಸ್ಮಾದಿಂದ ಹಾಸಿದ, ಸುಮಾರು 75ರಿಂದ 80 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ನೈಟ್ರೈಡ್ ಪದರದಿಂದ. ತಲೆಗೂದಲಿನ ಸಾವಿರದ ಒಂದು ಪಾಲು ದಪ್ಪ. ಬೆಳಕು ಹಿಂದಕ್ಕೆ ಚಿಮ್ಮದಂತೆ ತಡೆಯುವುದು ಅದರ ಕೆಲಸ. ಮರಳು ಮತ್ತು ಗಾಳಿಯ ಸಂತಾನವಾದ ಈ ನೈಟ್ರೈಡ್ ನಿಜಕ್ಕೂ ಭೂಸಮೃದ್ಧವೇ, ಆದರೆ ಹರಳಲ್ಲ. ಅದರ ಪರಮಾಣುಗಳಿಗೆ ಸಾಲಿನ ಶಿಸ್ತಿಲ್ಲ.

ಹರಳಿನ ಶಿಸ್ತನ್ನು ಸಾಧಿಸಿದ್ದು ನಗರದ ವಿದ್ಯಾಸಂಸ್ಥೆಗಳಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಬಿ. ಕೃಪಾನಿಧಿಯವರ ತಂಡ ಪ್ಲಾಸ್ಮಾದ ನೆರವಿನಿಂದ ಇಂಡಿಯಂ ಮತ್ತು ಗ್ಯಾಲಿಯಂ ನೈಟ್ರೈಡುಗಳನ್ನು ಬೆಳೆಸಿತು. ಅಲ್ಲಿನ ನ್ಯಾನೋವಿಜ್ಞಾನ ಕೇಂದ್ರದಲ್ಲಿ ಶ್ರೀನಿವಾಸನ್ ರಾಘವನ್ ಮತ್ತು ಸಹೋದ್ಯೋಗಿಗಳು ದುಬಾರಿ ನೀಲಮಣಿಯ ಬದಲು ಸಿಲಿಕಾನಿನ ಮೇಲೆಯೇ ಗ್ಯಾಲಿಯಂ ನೈಟ್ರೈಡ್ ಬೆಳೆಸುವ ದಾರಿ ಹಿಡಿದರು. ಎರಡರ ಪರಮಾಣು ಸಾಲುಗಳ ಅಂತರದಲ್ಲಿ ಶೇ. 17ರಷ್ಟು ವ್ಯತ್ಯಾಸವಿದೆ, ಆರುವಾಗ ನೈಟ್ರೈಡ್ ಸಿಲಿಕಾನಿಗಿಂತ ಹೆಚ್ಚು ಕುಗ್ಗಿ ಒಣಗೆರೆಯ ತಳದಂತೆ ಬಿರಿಯುತ್ತದೆ. ನಡುವೆ ಅಲ್ಯುಮಿನಿಯಂ ಬೆರೆತ ಪದರಗಳನ್ನು ಹಂತಹಂತವಾಗಿ ಇಟ್ಟು, ಬಿಸಿಯಲ್ಲಿರುವಾಗಲೇ ಪದರವನ್ನು ಒಳಮುಖವಾಗಿ ಒತ್ತಿಹಿಡಿದು ಆ ಬಿರುಕನ್ನು ನಿವಾರಿಸುತ್ತಾರೆ. ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಎಸ್.ಎಂ. ಶಿವಪ್ರಸಾದ್ ಅವರು ಗ್ಯಾಲಿಯಂ ನೈಟ್ರೈಡನ್ನು ಜೇನುಗೂಡಿನಂತಹ ನ್ಯಾನೋಗೋಡೆಗಳಾಗಿ ಬೆಳೆಸಿದರು. ಬಿವಾಸ್ ಸಾಹಾ ಅವರ ತಂಡ ಸ್ಕ್ಯಾಂಡಿಯಂ ನೈಟ್ರೈಡಿನ ಪದರಗಳಲ್ಲಿ ತೊಡಗಿದೆ.

ವೈಟ್‌ಫೀಲ್ಡಿನ ವಿಷಯವನ್ನು ಬೇಗ ಮುಗಿಸುತ್ತೇನೆ. 1882ರಲ್ಲಿ ಮೈಸೂರು ಅರಸರು ಯುರೇಷಿಯನ್ನರ ಬೇಸಾಯದ ವಸಾಹತಿಗೆಂದು ನೀಡಿದ ಭೂಮಿಯ ಆಸುಪಾಸಿನಲ್ಲಿ ಇಂದು ಪದರ ಬೆಳೆಸುವ ಯಂತ್ರಗಳ ವಿನ್ಯಾಸ ನಡೆಯುತ್ತದೆ. ಅಂತಹ ಯಂತ್ರಗಳ ಜಾಗತಿಕ ತಯಾರಕರಲ್ಲಿ ಒಂದಾದ ಅಪ್ಲೈಡ್ ಮೆಟೀರಿಯಲ್ಸ್ ಅಲ್ಲಿ ನೆಲೆಯೂರಿದೆ; 2023ರಲ್ಲಿ ಬೆಂಗಳೂರಿನಲ್ಲಿ ನಾಲ್ಕು ವರ್ಷಗಳಿಗೆ 40 ಕೋಟಿ ಡಾಲರ್ ಹೂಡುವುದಾಗಿ ಅದು ಘೋಷಿಸಿತು. ಅನಿಲ ಹೇಗೆ ಹರಿಯಬೇಕೆಂಬುದನ್ನು ಅಲ್ಲಿ ಗಣಕದ ಪರದೆಯ ಮೇಲೆ ಬರೆಯುತ್ತಾರೆ. ಜಾನಪದ ಸಂಗ್ರಹಕಾರನಿಗೆ ಅಲ್ಲಿ ಅಂಗಳ ದೊರೆಯುವುದು ಕಷ್ಟ.

ಮರಳಿ ಪೀಣ್ಯಕ್ಕೆ ಬರೋಣ. ಸತು–ತವರ ನೈಟ್ರೈಡ್ ಇಂದಿಗೂ ಪ್ರಯೋಗಾಲಯದಿಂದ ಹೊರಬರದಿರಲು ಕಾರಣವನ್ನು ಹುಡುಕಿದರೆ ನಾವು ಪೀಣ್ಯದ ಬೆಸುಗೆಯವನ ಬಾಗಿಲಿಗೇ ಬಂದು ನಿಲ್ಲುತ್ತೇವೆ. ಈ ವಸ್ತುವಿನ ಶಕ್ತಿ ಅಂತರ ಸುಮಾರು 1ರಿಂದ 2 ಎಲೆಕ್ಟ್ರಾನ್ ವೋಲ್ಟುಗಳ ನಡುವೆ ಇರುವುದರಿಂದ ಬಿಸಿಲನ್ನು ಹೀರಲು ಅದು ತಕ್ಕುದು. ಆದರೆ ಹೆಚ್ಚು ಕಾಯಿಸಿದರೆ ಸತು ಆವಿಯಾಗಿ ಹಾರಿಹೋಗುತ್ತದೆ; ಕಡಿಮೆ ಕಾಯಿಸಿದರೆ ಸತು ಮತ್ತು ತವರ ತಮ್ಮ ತಮ್ಮ ಸ್ಥಾನಗಳನ್ನು ಅದಲುಬದಲು ಮಾಡಿಕೊಂಡು ಕೂರುತ್ತವೆ. ಇದರ ಜೊತೆಗೆ ಸಾರಜನಕ ಕೂರಬೇಕಾದ ಕಡೆ ಆಮ್ಲಜನಕ ನುಸುಳುತ್ತದೆ. ಇವೆಲ್ಲದರ ಫಲವಾಗಿ ಪದರದಲ್ಲಿ ಬೇಡದ ಎಲೆಕ್ಟ್ರಾನುಗಳು ತುಂಬಿ ಅದು ಅರೆವಾಹಕವೆಂಬ ಹೆಸರಿಗೇ ಎರವಾಗುತ್ತದೆ.

ಆಮ್ಲಜನಕ ಎಲ್ಲಿಂದ ಬರುತ್ತದೆ? ವಾತಾವರಣದ ಒತ್ತಡ 760 ಟಾರ್. ಅದನ್ನು 76 ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದರೂ, ಅಂದರೆ ಟಾರಿನ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕೆ ತಂದರೂ, ಕೋಶದೊಳಗೆ ಉಳಿದ ಅನಿಲವು ಸರಿಸುಮಾರು ಒಂದೇ ಸೆಕೆಂಡಿನಲ್ಲಿ ತಳಹರಳಿನ ಮೇಲೆ ಒಂದು ಅಣುಪದರವನ್ನು ಹಾಸಬಲ್ಲದು. ಇನ್ನೂ ಹತ್ತು ಸಾವಿರ ಪಟ್ಟು ಬರಿದು ಮಾಡಿದರೆ ಮಾತ್ರ ಕೆಲಸಕ್ಕೆ ಎರಡೂಮುಕ್ಕಾಲು ಗಂಟೆಯ ಬಿಡುವು ಸಿಗುತ್ತದೆ. ಕಲಾಯಿಯವನಿಗೆ ನವಸಾಗರದ ಹೊಗೆ ಕೊಡುತ್ತಿದ್ದ ಕ್ಷಣಮಾತ್ರದ ಬಿಡುವನ್ನು ಇಲ್ಲಿ ಪಂಪು, ಬೆಸುಗೆ, ಗ್ಯಾಸ್ಕೆಟ್ಟುಗಳು ಕೊಡಬೇಕು. ಅಗ್ಗದ ಲೋಹಗಳನ್ನು ಆಯ್ದುಕೊಂಡವರಿಗೆ ದುಬಾರಿಯಾದ ನಿರ್ವಾತ ಬೇಕಾಗುವುದು ಈ ವಿದ್ಯೆಯ ಒಳಗಿನ ವಿರೋಧ. ವಸ್ತು ಅಗ್ಗವಾದರೆ ಸಾಲದು, ಬರಿದೂ ಅಗ್ಗವಾಗಬೇಕು. ಹಾಗಾಗಬೇಕಾದರೆ ಕೋಶವನ್ನು ಇಲ್ಲಿಯೇ ಕಟ್ಟಬಲ್ಲ, ಇಲ್ಲಿಯೇ ದುರಸ್ತಿ ಮಾಡಬಲ್ಲ ಕೈಗಳು ಉಳಿದಿರಬೇಕು.

ಆ ಕೈಗಳಲ್ಲೊಂದನ್ನು ನಾನು ಬಲ್ಲೆ. ಪೀಣ್ಯದ ಎರಡನೇ ಹಂತದಲ್ಲಿ ಮೂರು ದಶಕ ನಿರ್ವಾತಕೋಶಗಳನ್ನು ಬೆಸೆದು ನಿವೃತ್ತರಾದ ಹಿರಿಯರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಕುಳಿತು ಹೇಳಿದ ಮಾತುಗಳನ್ನು ಧ್ವನಿಮುದ್ರಿಸಿಕೊಂಡಿದ್ದೇನೆ. ಹೀಲಿಯಂ ಬಿಟ್ಟು ಸೋರಿಕೆ ಹುಡುಕುವ ಯಂತ್ರ ಅವರ ಶೆಡ್ಡಿಗೆ ಬರುವ ಮುನ್ನ ಅವರು ಕುಂಚದಿಂದ ಒಂದೊಂದೇ ಕೀಲಿಗೆ ಸ್ಪಿರಿಟ್ ಹಚ್ಚುತ್ತ ಗೇಜಿನ ಮುಳ್ಳನ್ನು ನೋಡುತ್ತಿದ್ದರು. ಎಲ್ಲಿ ಮುಳ್ಳು ಜಿಗಿಯಿತೋ ಅಲ್ಲಿ ಸೋರಿಕೆ. “ತೂತು ಕಣ್ಣಿಗೆ ಕಾಣಲ್ಲ ಸಾರ್, ಮುಳ್ಳಿಗೆ ಕಾಣುತ್ತೆ. ಆದ್ರೆ ಮುಳ್ಳು ಸುಳ್ಳೂ ಹೇಳುತ್ತೆ” ಎಂದರು ಅವರು. ಮುಳ್ಳಿನ ಸುಳ್ಳೆಂದರೆ, ಸೋರಿಕೆಯೇ ಇಲ್ಲದೆ ಕೋಶದ ಗೋಡೆಯಲ್ಲಿ ಅಡಗಿದ ತೇವ ನಿಧಾನವಾಗಿ ಹೊರಬರುವುದು. ಅದನ್ನು ಅವರು ‘ಡಬ್ಬ ಬೆವರ್ತಾ ಇದೆ’ ಎನ್ನುತ್ತಾರೆ. ಸೋರಿಕೆಯಾದರೆ ಒತ್ತಡ ಒಂದೇ ಸಮನೆ ಏರುತ್ತದೆ. ಬೆವರಾದರೆ ಏರಿ ಏರಿ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಪಠ್ಯಪುಸ್ತಕಗಳಲ್ಲಿಯೂ ಈ ವ್ಯತ್ಯಾಸವಿದೆ. ಆದರೆ ಮಳೆಗಾಲದಲ್ಲಿ ಬಾಗಿಲು ತೆರೆದಿಟ್ಟ ಕೋಶ ಎಷ್ಟು ಹೊತ್ತು ಬೆವರುತ್ತದೆ, ಯಾವ ಬೆಸುಗೆಯ ಹಿಂಬದಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ ಎಂಬುದು ಅವರ ನೆನಪಿನಲ್ಲಿ ಮಾತ್ರ ಇದೆ. ಹೊಸ ಕೋಶದಲ್ಲಿ ಮೊದಲ ಕೆಲವು ಸಲ ಬರಿದೇ ಪದರ ಹಾಕಿ ಗೋಡೆಗಳನ್ನು ಹದಕ್ಕೆ ತರುವುದಕ್ಕೆ ಅವರ ಶಬ್ದ ‘ಪಳಗಿಸೋದು’. ದೋಸೆಯ ಕಾವಲಿಗೆ ನಮ್ಮ ತಾಯಂದಿರು ಬಳಸುವ ಶಬ್ದವೂ ಇದೇ.

ಇಂತಹ ಶಬ್ದಗಳನ್ನು ಸಂಗ್ರಹಿಸುವ ಒಂದು ಚಿಕ್ಕ ಯೋಜನೆಯನ್ನು ನಾನು ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ಮುಂದಿಟ್ಟಿದ್ದೆ. ‘ಇದು ಜಾನಪದವಲ್ಲ’ ಎಂಬ ಒಂದು ಸಾಲಿನ ಟಿಪ್ಪಣಿಯೊಂದಿಗೆ ಅದು ಮರಳಿತು. ಆ ಟಿಪ್ಪಣಿ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಗದ್ದೆಬಯಲಿನಲ್ಲಿ ಹುಟ್ಟಿದ್ದಷ್ಟೇ ಜನಪದ, ಶೆಡ್ಡಿನಲ್ಲಿ ಹುಟ್ಟಿದ್ದು ಕೇವಲ ತಂತ್ರ ಎಂಬ ಎಣಿಕೆ ನಮ್ಮ ಶಿಸ್ತಿನಲ್ಲಿ ಹಳೆಯದು. ನಾನೂ ನನ್ನ ಸಂಶೋಧನೆಯ ದಿನಗಳಲ್ಲಿ ಅದನ್ನೇ ನಂಬಿದ್ದೆ. ಆದರೆ ಗುರುವಿನಿಂದ ಶಿಷ್ಯನಿಗೆ ಬಾಯಿಂದ ಬಾಯಿಗೆ ಸಾಗುವ, ಬರಹದ ಹಂಗಿಲ್ಲದ, ತನ್ನದೇ ನುಡಿಗಟ್ಟು ಮತ್ತು ಆಚರಣೆಗಳುಳ್ಳ ಅರಿವನ್ನು ಜಾನಪದವೆನ್ನದೆ ಬೇರೇನೆಂದು ಕರೆಯಬೇಕು? ಆಯುಧಪೂಜೆಯ ದಿನ ಒಂದು ಕಾರ್ಖಾನೆಯಲ್ಲಿ ಕಂಡದ್ದನ್ನು ಇಲ್ಲಿ ಹೇಳಬಹುದು. ಧೂಳಿನ ಭಯದಿಂದ ಶುದ್ಧಕೋಣೆಯೊಳಗೆ ಅರಿಶಿನ, ಕುಂಕುಮ, ಹೂವು ಯಾವುದೂ ಹೋಗುವಂತಿಲ್ಲ. ಯಂತ್ರಕ್ಕೆ ಸಲ್ಲಬೇಕಾದ ಪೂಜೆ ಹೊರಗಿನ ಪಂಪಿಗೆ ಸಂದಿತು. ಬೂದುಗುಂಬಳ ಒಡೆದದ್ದು ಗೇಟಿನ ಬಳಿ. ಒಳಗಿನ ಬರಿದಿಗೆ ಹೊರಗಿನ ಪಂಪೇ ಉತ್ಸವಮೂರ್ತಿಯಾಗಿ ನಿಂತ ಈ ಏರ್ಪಾಟನ್ನು ಯಾವ ಆಗಮವೂ ವಿಧಿಸಿರಲಿಲ್ಲ, ಕೆಲಸಗಾರರು ತಾವೇ ಕಂಡುಕೊಂಡಿದ್ದರು.

ವಿಜ್ಞಾನದ ಪ್ರಬಂಧಗಳಲ್ಲಿ ಗೆದ್ದ ಪದರಗಳ ವಿವರ ಮಾತ್ರ ಇರುತ್ತದೆ. ಕೆಟ್ಟುಹೋದ ನೂರು ಪದರಗಳು ಏಕೆ ಕೆಟ್ಟವೆಂಬುದು ಪಂಪಿನ ಪಕ್ಕದಲ್ಲಿ ನಿಂತವನಿಗೆ ಗೊತ್ತು. ವಾಲ್ವುಗಳ ಕಾಲದಲ್ಲಿ ಜಾಲಹಳ್ಳಿಯಲ್ಲಿ ಕೆಲಸ ಕಲಿತ ಮೊದಲ ತಲೆಮಾರು ಈಗ ಎಂಬತ್ತು ದಾಟಿದೆ. ಅವರ ಕೈಕೆಳಗೆ ಪಳಗಿದ ಪೀಣ್ಯದ ಎರಡನೇ ತಲೆಮಾರೂ ನಿವೃತ್ತಿಯ ಅಂಚಿನಲ್ಲಿದೆ ಇಲ್ಲವೇ ಅದನ್ನು ದಾಟಿದೆ. ಮೇಲೆ ಹೇಳಿದ ಹಿರಿಯರ ಬಳಿ ರಟ್ಟಿನ ಹೊದಿಕೆಯ ಎರಡು ನೋಟುಪುಸ್ತಕಗಳಿವೆ. ಪ್ರತಿ ಕೋಶಕ್ಕೂ ಒಂದು ಪುಟ: ಕನ್ನಡದಲ್ಲಿ ದಿನಾಂಕ, ಇಂಗ್ಲಿಷಿನಲ್ಲಿ ಒತ್ತಡ, ಸೋರಿದ ಕೀಲಿಯ ಜಾಗಕ್ಕೆ ಪೆನ್ಸಿಲಿನ ಚಿತ್ರ. ಮೂರನೆಯದನ್ನು ಮನೆ ಬದಲಿಸುವಾಗ ಹಳೆಯ ಪೇಪರಿನವನಿಗೆ ಕೊಟ್ಟುಬಿಟ್ಟರಂತೆ. ಉಳಿದ ಎರಡರ ಪುಟಗಳನ್ನು ಛಾಯಾಪ್ರತಿ ಮಾಡಿಸಿಕೊಂಡಿದ್ದೇನೆ. ಕೆಲವು ಗುರುತುಗಳ ಅರ್ಥ ಅವರಿಗೂ ಈಗ ನೆನಪಾಗುತ್ತಿಲ್ಲ. ಮುಂದಿನ ಭೇಟಿಗೆ, ಅವರೊಡನೆ ಅದೇ ಶೆಡ್ಡಿನಲ್ಲಿ ದುಡಿದ ಇನ್ನೊಬ್ಬರನ್ನು ನೆಲಮಂಗಲದಿಂದ ಕರೆತರುವುದೆಂದು ಮಾತಾಗಿದೆ.